ಸೆನ್ಸರ್ ಬದಲಾಯಿಸಿದೆ, ಮುಳ್ಳು ಮಾತ್ರ ಸೊನ್ನೆಯಲ್ಲೇ...

ಹೋದ ತಿಂಗಳು ಒಂದು ಸಂಜೆ ಪ್ರಿನ್ಸ್‌ಟನ್ ಕಡೆಯಿಂದ ಎಡಿಸನ್‌ಗೆ ರೂಟ್ 1ರಲ್ಲಿ ವಾಪಸ್ ಬರ್ತಾ ಇದ್ದೆ. ಗಾಡಿ ಚೆನ್ನಾಗೇ ಓಡ್ತಾ ಇತ್ತು. ಇದ್ದಕ್ಕಿದ್ದ ಹಾಗೆ ಸ್ಪೀಡೋಮೀಟರಿನ ಮುಳ್ಳು 50ರಿಂದ ಸೊನ್ನೆಗೆ ಬಿದ್ದು ಅಲ್ಲೇ ಮಲಗಿಬಿಡ್ತು. ಎಂಜಿನ್ ಶಬ್ದ ಹಾಗೇ ಇದೆ, ಅಕ್ಕಪಕ್ಕದ ಕಾರುಗಳು ನನ್ನ ಜೊತೆಜೊತೆಗೇ ಬರ್ತಿವೆ, ಆದರೆ ನನ್ನ ಕಾರಿನ ಪ್ರಕಾರ ನಾನು ನಿಂತಿದ್ದೀನಿ! ಒಂದೈದು ನಿಮಿಷಕ್ಕೆ ಹಳದಿ ಬಣ್ಣದ 'ಚೆಕ್ ಎಂಜಿನ್' ದೀಪವೂ ಹತ್ಕೊಳ್ತು. ಫೋನಿನಲ್ಲಿ ಮ್ಯಾಪ್ ಹಾಕ್ಕೊಂಡು, ಅದು ತೋರಿಸೋ ಸ್ಪೀಡ್ ನೋಡ್ಕೊಂಡು ಹೇಗೋ ಮನೆ ಸೇರಿದೆ.

ಕಾರು 2003ರದ್ದು, ಜಪಾನಿ ಸೆಡಾನ್. ನನಗಿಂತ ನಾಲ್ಕೈದು ವರ್ಷ ಚಿಕ್ಕದು ಅಷ್ಟೇ. ತಗೊಂಡಾಗ ನಾನು ಮೂರನೇ ಓನರ್ರೋ ನಾಲ್ಕನೇ ಓನರ್ರೋ ಸರಿಯಾಗಿ ಗೊತ್ತಿಲ್ಲ. ಸ್ಪೀಡೋಮೀಟರ್ ಒಂದೇ ಆಗಿದ್ದರೆ ನಾಲ್ಕು ದಿನ ಸುಮ್ಮನಿರ್ತಿದ್ದೆನೋ ಏನೋ, ಆದರೆ ತಿಂಗಳ ಕೊನೆಗೆ ಇನ್ಸ್‌ಪೆಕ್ಷನ್ ಇತ್ತು. ನ್ಯೂಜೆರ್ಸಿಯಲ್ಲಿ ಚೆಕ್ ಎಂಜಿನ್ ದೀಪ ಹತ್ತಿದ್ದರೆ ಗಾಡಿ ಫೇಲ್, ಮಾತೇ ಇಲ್ಲ. ಬಸ್ಸು ಟ್ರೈನು ಹಿಡಿದು ನನ್ನ ಆಫೀಸಿಗೆ ಹೋಗೋದು ಅಂದ್ರೆ ಒಂದೊಂದು ಕಡೆಗೆ ಎರಡು ಗಂಟೆ. ಬೇರೆ ಕಾರು ತಗೊಳ್ಳೋ ಯೋಚನೆ ಈ ವರ್ಷ ಇಲ್ಲ. ಹಾಗಾಗಿ ಇದು ತಮಾಷೆಯ ವಿಷಯ ಆಗಿರಲಿಲ್ಲ.

ಇಲ್ಲಿಂದ ಮುಂದೆ ನಾನು ಮಾಡಿದ್ದೆಲ್ಲಾ ತಪ್ಪೇ. ಆ ತಪ್ಪುಗಳ ಬಗ್ಗೆ ಬರೆಯೋಣ ಅಂತಲೇ ಕೂತಿದ್ದು, ಯಾಕಂದ್ರೆ ನನ್ನ ಹಾಗೆ ಮಾಡೋರು ತುಂಬಾ ಜನ ಇದ್ದಾರೆ ಅಂತ ನನಗೆ ಗ್ಯಾರಂಟಿ.

ಮಾರನೇ ದಿನ ಒಂದು ಬಿಡಿಭಾಗಗಳ ಅಂಗಡಿಗೆ ಹೋದೆ. ಇಲ್ಲಿನ ಇಂಥ ಅಂಗಡಿಗಳಲ್ಲಿ ಎಷ್ಟೋ ಕಡೆ ಕೋಡ್ ಪುಕ್ಕಟೆಯಾಗಿ ಓದಿಕೊಡ್ತಾರೆ. ಸ್ಟೀರಿಂಗ್ ಕೆಳಗಿರೋ ಸಾಕೆಟ್ಟಿಗೆ ಒಂದು ಡಬ್ಬಿ ಸಿಗಿಸಿದ್ರು, ಪಿ0500 ಅಂತ ಬಂತು. 'ವೆಹಿಕಲ್ ಸ್ಪೀಡ್ ಸೆನ್ಸರ್ ಸರ್ಕ್ಯೂಟ್ ಮಾಲ್‌ಫಂಕ್ಷನ್'. ಕೌಂಟರಿನ ಹುಡುಗ ಕಂಪ್ಯೂಟರಿನಲ್ಲಿ ನೋಡಿ "ಸೆನ್ಸರ್ ಸ್ಟಾಕ್ ಇದೆ, 62 ಡಾಲರ್" ಅಂದ. ಪಾಪ, ಅವನದೇನೂ ತಪ್ಪಿಲ್ಲ, ಅವನ ಕೆಲಸ ಬಿಡಿಭಾಗ ಮಾರೋದು. ಆ ಉದ್ದ ಹೆಸರಿನಲ್ಲಿ 'ಸೆನ್ಸರ್' ಅನ್ನೋ ಪದ ಓದಿ, ಪಕ್ಕದಲ್ಲೇ ಕೂತಿದ್ದ 'ಸರ್ಕ್ಯೂಟ್' ಅನ್ನೋ ಪದಾನ ನುಂಗಿಹಾಕಿದವನು ನಾನು.

ಅದನ್ನ ಹಿಡ್ಕೊಂಡು ಮನೆ ಹತ್ತಿರದ ಒಂದು ಗ್ಯಾರೇಜಿಗೆ ಹೋದೆ. ಅಲ್ಲಿನ ಹಿರಿಯ ಮೆಕ್ಯಾನಿಕ್ "ಮೊದಲು ಡಯಾಗ್ನೋಸಿಸ್ ಮಾಡ್ಲಾ? ಒಂದು ಗಂಟೆಗೆ 130 ಡಾಲರ್" ಅಂತ ಕೇಳಿದ್ರು. ನನಗೆ ಉರಿದುಹೋಯ್ತು. ಕೋಡ್ ನನ್ನ ಕೈಯಲ್ಲೇ ಇದೆ, ಪುಕ್ಕಟೆಯಾಗಿ ಸಿಕ್ಕಿದೆ, ಇನ್ನೇನು ಡಯಾಗ್ನೋಸಿಸ್? "ಬೇಡ, ಈ ಸೆನ್ಸರ್ ಹಾಕಿಕೊಡಿ ಸಾಕು" ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಭುಜ ಹಾರಿಸಿ, ಹಾಕಿಕೊಟ್ರು. ಕೂಲಿ 95. ಒಟ್ಟು 157 ಡಾಲರ್. ದೀಪ ಆರಿತು, ಮುಳ್ಳು ಎದ್ದಿತು. ನಾನು ಎಂಥಾ ಜಾಣ ಅಂತ ನನಗೇ ಖುಷಿ.

ಮೂರು ದಿನ. ನಾಲ್ಕನೇ ದಿನ ಬೆಳಿಗ್ಗೆ ಅದೇ ರೂಟ್ 1, ಅದೇ ಮುಳ್ಳು, ಅದೇ ಸೊನ್ನೆ...

ಆ ಭಾನುವಾರ ಊರಿಗೆ ಫೋನ್ ಮಾಡಿದಾಗ ಮಾವ ಸಿಕ್ಕಿದ್ರು. ಅರಸೀಕೆರೆಯಲ್ಲಿ ಮೂವತ್ತು ವರ್ಷದಿಂದ ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಕೊಂಡಿದ್ದಾರೆ. ಲಾರಿ, ಟ್ರ್ಯಾಕ್ಟರ್, ಜೀಪು, ಈಗೀಗ ಕಾರು.

"ಮಾವ, ಕಂಪ್ಯೂಟರ್ರು ಸೆನ್ಸರ್ ಹೋಗಿದೆ ಅಂತ ಹೇಳ್ತು, ಬದಲಾಯಿಸ್ದೆ, ಆದ್ರೂ ಸರಿಹೋಗ್ಲಿಲ್ಲ."

"ಪ್ಲಗ್ ಬಿಚ್ಚಿ ಕರೆಂಟ್ ಬರ್ತಾ ಇದ್ಯಾ ಅಂತ ನೋಡಿದ್ಯೇನೋ?"

"ಇಲ್ಲ ಮಾವ."

"ಅರ್ತು ಇದ್ಯಾ ಅಂತ?"

"ಇಲ್ಲ..."

"ಮತ್ತೆ ಸೆನ್ಸರ್ ಹೋಗಿದೆ ಅಂತ ನಿಂಗೆ ಯಾರಪ್ಪಾ ಹೇಳಿದ್ದು?"

ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಯಾರೂ ಹೇಳಿರಲಿಲ್ಲ ಅನ್ನೋದೇ ನಿಜ. ಕಾರಿನ ಕಂಪ್ಯೂಟರಂತೂ ಖಂಡಿತಾ ಹೇಳಿರಲಿಲ್ಲ.

ಈ ಪಿ0500 ಅನ್ನೋ ಕೋಡು ಹುಟ್ಟೋದು ಹೇಗೆ ಅಂತ ನೋಡಿದ್ರೆ ವಿಷಯ ಅರ್ಥ ಆಗತ್ತೆ. ಕಂಪ್ಯೂಟರಿಗೆ ಸೆನ್ಸರ್ ಕಾಣಿಸಲ್ಲ. ಅದಕ್ಕೆ ಕಾಣಿಸೋದು ತನ್ನ ಒಂದು ಪಿನ್ನಿಗೆ ಬಂದು ಸೇರೋ ವೈರಿನ ವೋಲ್ಟೇಜು ಮಾತ್ರ. ಎಂಜಿನ್ ಇಷ್ಟು ಆರ್‌ಪಿಎಂನಲ್ಲಿ ತಿರುಗ್ತಿದೆ, ಎಂಜಿನ್ ಮೇಲೆ ಭಾರ ಇದೆ, ಗೇರ್ ಡ್ರೈವ್‌ನಲ್ಲಿದೆ, ಅಂದಮೇಲೆ ಗಾಡಿ ಓಡ್ತಿರಲೇಬೇಕು. ಆದ್ರೆ ಸ್ಪೀಡಿನ ವೈರಿನಲ್ಲಿ ಒಂದು ಮಿಡಿತವೂ ಬರ್ತಿಲ್ಲ. ಇಷ್ಟು ಸೆಕೆಂಡು ಕಾದರೂ ಬರಲಿಲ್ಲ ಅಂದ್ರೆ ಕೋಡ್ ಬರೆದುಕೊಂಡು ದೀಪ ಹಚ್ಚು. ಇಷ್ಟೇ ಅದರ ಲಾಜಿಕ್. 'ನನಗೆ ಸಿಕ್ಕಿರೋ ಎರಡು ಮಾಹಿತಿ ಒಂದಕ್ಕೊಂದು ತಾಳೆ ಆಗ್ತಿಲ್ಲ' ಅಂತ ಅದು ದೂರು ಕೊಡ್ತಿದೆ. ಅಪರಾಧಿ ಯಾರು ಅಂತ ಅದಕ್ಕೆ ಗೊತ್ತೇ ಇಲ್ಲ.

ನಮ್ಮ ಸಾಫ್ಟ್‌ವೇರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾ? ಪ್ರೋಗ್ರಾಮ್ 412ನೇ ಸಾಲಿನಲ್ಲಿ ನಲ್ ಪಾಯಿಂಟರ್ ಅಂತ ಬಿದ್ದುಹೋದರೆ 412ನೇ ಸಾಲನ್ನ ಅಳಿಸಿ ಹೊಸದಾಗಿ ಟೈಪ್ ಮಾಡ್ತೀವಾ? ಆ ನಲ್ ಎಲ್ಲಿಂದ ಬಂತು ಅಂತ ಹಿಂದಕ್ಕೆ ಹಿಂದಕ್ಕೆ ಹುಡುಕಿಕೊಂಡು ಹೋಗ್ತೀವಿ. ಹಾಗೆ ಹುಡುಕೋಕೇ ಅಲ್ವಾ ನಮಗೆ ಸಂಬಳ ಕೊಡೋದು! ಬದಲಾಯಿಸಿದ್ದು ಒಂದೇ ಸಾಲು, ಹುಡುಕಿದ್ದು ಎರಡು ದಿನ. ಆ ಎರಡು ದಿನಕ್ಕೂ ನಾವು ಲೆಕ್ಕ ಬರೀತೀವಿ, ನಾಚಿಕೆ ಇಲ್ಲದೆ. ಅದೇ ಒಬ್ಬ ಮೆಕ್ಯಾನಿಕ್ ಹುಡುಕೋಕೆ ಒಂದು ಗಂಟೆಯ ದುಡ್ಡು ಕೇಳಿದ್ರೆ ದರೋಡೆ ಅಂತೀವಿ. ಕೈಯಲ್ಲಿ ಹಿಡಿಯಬಹುದಾದ ಡಬ್ಬಿಗೆ 62 ಡಾಲರ್ ಕೊಡೋವಾಗ ಮಾತ್ರ ಏನೂ ಅನ್ಸಲ್ಲ. ಇದು ನನ್ನೊಬ್ಬನ ರೋಗ ಅಲ್ಲ ಅಂದ್ಕೊಂಡಿದ್ದೀನಿ. ನಮ್ಮ ಗೆಳೆಯರ ಗುಂಪಿನಲ್ಲಿ ಕಾರಿನ ಮಾತು ಬಂದಾಗಲೆಲ್ಲಾ 'ಡಯಾಗ್ನೋಸಿಸ್ ಫೀ ಕೊಡಬೇಡ, ಕೋಡ್ ಓದಿಸ್ಕೊಂಡು ಪಾರ್ಟ್ ಹಾಕ್ಸು' ಅನ್ನೋದೇ ಎಲ್ಲರ ಬುದ್ಧಿವಾದ. ನಾನೂ ಇಬ್ಬರಿಗೆ ಹೇಳಿದ್ದೀನಿ, ದೇವರು ಕ್ಷಮಿಸಲಿ.

ಸರಿ, ಆ ಗಂಟೆಯಲ್ಲಿ ಮೆಕ್ಯಾನಿಕ್ ಏನು ಮಾಡ್ತಿದ್ರು? ಅದನ್ನ ನಾನೇ ಮಾಡಿ ನೋಡಿದೆ. ಅವರು ಒಂದು ಗಂಟೆಯಲ್ಲಿ ಮುಗಿಸ್ತಿದ್ದಿದ್ದಕ್ಕೆ ನನಗೆ ಒಂದೂವರೆ ದಿನ ಹಿಡೀತು, ಬಿಡಿ.

ಮೊದಲು ಬೇಕಾಗಿದ್ದು ವೈರಿಂಗ್ ಡಯಾಗ್ರಾಮ್. ಇದಕ್ಕೆ ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದನ್ನೆಲ್ಲಾ ನಂಬೋ ಅಗತ್ಯ ಇಲ್ಲ. ಅಮೆರಿಕದ ಎಷ್ಟೋ ಊರುಗಳ ಪಬ್ಲಿಕ್ ಲೈಬ್ರರಿ ಕಾರ್ಡ್ ಇದ್ದರೆ ಕಾರ್ ರಿಪೇರಿ ಡೇಟಾಬೇಸ್ ಪುಕ್ಕಟೆಯಾಗಿ ನೋಡಬಹುದು. ಇಲ್ಲದಿದ್ದರೆ ಕಾರ್ ಕಂಪನಿಗಳೇ ತಮ್ಮ ಸರ್ವಿಸ್ ಮಾಹಿತಿಯನ್ನ ದಿನದ ಲೆಕ್ಕದಲ್ಲೋ ತಿಂಗಳ ಲೆಕ್ಕದಲ್ಲೋ ಬಾಡಿಗೆಗೆ ಕೊಡ್ತವೆ. ಇದೇನೂ ಅವರ ಔದಾರ್ಯ ಅಲ್ಲ. ಮ್ಯಾಸಚುಸೆಟ್ಸ್‌ನ ಜನ 2012ರಲ್ಲಿ ರೈಟ್ ಟು ರಿಪೇರ್ ಅಂತ ಮತ ಹಾಕಿ ಕಾನೂನು ತಂದರು, 2014ರಲ್ಲಿ ಕಾರ್ ತಯಾರಕರ ಸಂಘಗಳು ಅದೇ ರೀತಿಯ ಒಪ್ಪಂದಕ್ಕೆ ದೇಶದುದ್ದಕ್ಕೂ ಒಪ್ಪಿಕೊಂಡವು. ಯಾರೋ ಹೊಡೆದಾಡಿದ್ದಕ್ಕೆ ನನ್ನಂಥವನ ಕೈಗೆ ಆ ನಕ್ಷೆ ಸಿಕ್ಕಿತು.

ನಕ್ಷೆ ನೋಡಿದ ಕೂಡಲೇ ನನ್ನ ಅರ್ಧ ಅಹಂಕಾರ ಇಳೀತು. ನಾನು ತಲೆಯಲ್ಲಿ ಇಟ್ಕೊಂಡಿದ್ದ ಚಿತ್ರ ಏನಪ್ಪಾ ಅಂದ್ರೆ, ಸೆನ್ಸರ್‌ನಿಂದ ಕಂಪ್ಯೂಟರಿಗೆ ಒಂದು ವೈರು, ಅಷ್ಟೇ. ನಿಜವಾಗಿ ಅಲ್ಲಿದ್ದಿದ್ದು ಬೇರೆ. ನನ್ನ ಕಾರಿನಲ್ಲಿ ಗೇರ್‌ಬಾಕ್ಸ್ ಮೇಲೆ ಕೂತಿರೋ ಆ ಸೆನ್ಸರಿಗೆ ಮೂರು ವೈರು. ಒಂದರಲ್ಲಿ 12 ವೋಲ್ಟ್ ಬರತ್ತೆ, ಇನ್ನೊಂದು ಅರ್ತು, ಮೂರನೇದು ಸಿಗ್ನಲ್. ಈ ಸಿಗ್ನಲ್ ವೈರು ಹೊರಟು, ಕವಲೊಡೆದು, ಎಂಜಿನ್ ಕಂಪ್ಯೂಟರಿಗೂ ಹೋಗತ್ತೆ, ಸ್ಪೀಡೋಮೀಟರ್ ಇರೋ ಮೀಟರ್ ಬೋರ್ಡಿಗೂ ಹೋಗತ್ತೆ, ಕ್ರೂಸ್ ಕಂಟ್ರೋಲಿಗೂ ಹೋಗತ್ತೆ. ಮೈಲಿ ಎಣಿಸೋ ಓಡೋಮೀಟರೂ ಇದೇ ಮಿಡಿತಗಳನ್ನ ಎಣಿಸೋದು. ಮುಳ್ಳು ಸೊನ್ನೆಯಲ್ಲಿದ್ದ ಹೊತ್ತಿನಲ್ಲಿ ಓಡಿಸಿದ ಮೈಲಿಗಳು ಕಾರಿನ ಲೆಕ್ಕಕ್ಕೆ ಬರಲೇ ಇಲ್ಲ ಅಂತ ಆಮೇಲೆ ಹೊಳೀತು.

ಈ ಸೆನ್ಸರ್ ಒಳಗೆ ಕೆಲಸ ಮಾಡೋದು ಹಾಲ್ ಎಫೆಕ್ಟ್. ಎಂಜಿನಿಯರಿಂಗ್‌ನಲ್ಲಿ ಓದಿ, ಪರೀಕ್ಷೆ ಬರೆದು, ಮಾರನೇ ದಿನ ಮರೆತಿದ್ದೆ. ಒಳಗೊಂದು ಪುಟ್ಟ ಆಯಸ್ಕಾಂತ ತಿರುಗತ್ತೆ, ಒಂದು ಸುತ್ತಿಗೆ ನಾಲ್ಕು ಮಿಡಿತ. ಒಂದು ಮೈಲಿಗೆ ಸುಮಾರು 4000. ಅಂದ್ರೆ 60 ಮೈಲಿ ಸ್ಪೀಡಿನಲ್ಲಿ ಹೋಗ್ತಿದ್ದರೆ ಸೆಕೆಂಡಿಗೆ ಹತ್ತಿರ ಹತ್ತಿರ 67 ಸಲ. ಇಲ್ಲಿ ಒಂದು ಮಜಾ ಇದೆ. ಸೆನ್ಸರ್ ತಾನಾಗಿ ವೋಲ್ಟೇಜ್ ಕಳಿಸಲ್ಲ. ಸಿಗ್ನಲ್ ವೈರಿಗೆ 5 ವೋಲ್ಟನ್ನ ಒಂದು ರೆಸಿಸ್ಟರ್ ಮೂಲಕ, ಬಹಳ ಹಗುರವಾಗಿ, ಕಂಪ್ಯೂಟರೇ ಹಾಕಿಟ್ಟಿರತ್ತೆ. ಸೆನ್ಸರ್ ಮಾಡೋ ಕೆಲಸ ಒಂದೇ, ಆ ವೈರನ್ನ ಅರ್ತಿಗೆ ಜಗ್ಗಿ ಬಿಡೋದು, ಜಗ್ಗಿ ಬಿಡೋದು. ದೇವಸ್ಥಾನದ ಗಂಟೆ ಹಗ್ಗದ ಥರ. ಹಗ್ಗ ಒಂದೇ, ಯಾರು ಬೇಕಾದ್ರೂ ಜಗ್ಗಬಹುದು. ಆದ್ರೆ ಯಾವನೋ ಒಬ್ಬ ಹಗ್ಗಾನ ಜಗ್ಗಿ ಹಿಡ್ಕೊಂಡು ನಿಂತುಬಿಟ್ಟರೆ? ಬೇರೆ ಯಾರು ಎಷ್ಟು ಒದ್ದಾಡಿದ್ರೂ ಗಂಟೆ ಮೊಳಗಲ್ಲ. ಪೂಜಾರಿಗೆ ಕೇಳಿಸೋದು ಮೌನ ಮಾತ್ರ. ಆ ಮೌನಕ್ಕೆ ಪೂಜಾರಿ ಇಟ್ಟ ಹೆಸರು ಪಿ0500.

ಇಷ್ಟು ಗೊತ್ತಾದಮೇಲೆ ಪರೀಕ್ಷೆ ಮಾಡೋದು ತಾನಾಗೇ ಹೊಳೆಯತ್ತೆ. 20 ಡಾಲರಿನ ಒಂದು ಮಲ್ಟಿಮೀಟರ್ ತಂದೆ. ಒಂದು ವಿಷಯ ಮಾತ್ರ ಮೊದಲೇ ಹೇಳಿಬಿಡ್ತೀನಿ, ಬಂದು ಹೋಗೋ ದೋಷ ಆದ್ರೆ ಅದು ಬಂದಿರೋವಾಗಲೇ ಅಳೀಬೇಕು. ಗಾಡಿ ಸರಿಯಾಗಿದ್ದಾಗ ಅಳೆದರೆ ಎಲ್ಲಾ ಸರಿಯಾಗೇ ಕಾಣತ್ತೆ. ನನ್ನ ಅದೃಷ್ಟಕ್ಕೆ ಆ ಶನಿವಾರ ಮುಳ್ಳು ಸತ್ತೇ ಇತ್ತು. ಏರ್ ಫಿಲ್ಟರ್‌ನಿಂದ ಬರೋ ಕೊಳವೆ ಬಿಚ್ಚಿ ಪಕ್ಕಕ್ಕಿಟ್ಟು, ಸೆನ್ಸರಿನ ಪ್ಲಗ್ ಎಳೆದೆ. ಕೀ ಆನ್ ಮಾಡಿದೆ, ಎಂಜಿನ್ ಸ್ಟಾರ್ಟ್ ಮಾಡಲಿಲ್ಲ. ಮೊದಲನೇ ಪಿನ್, 12.3 ವೋಲ್ಟ್. ಬಂತು. ಅರ್ತು ಪಿನ್‌ಗೂ ಬ್ಯಾಟರಿ ಪಾಸಿಟಿವ್‌ಗೂ ನಡುವೆ 12.3. ಅದೂ ಸರಿ. ಮಾವ ಹೇಳಿದ ಹಾಗೆ ಬಲ್ಬು ಹಚ್ಚಿಯೂ ನೋಡಿದೆ. ಯಾಕಂದ್ರೆ ಮೀಟರ್ ಅನ್ನೋದು ಮಹಾ ಸಾಧು ಪ್ರಾಣಿ, ಕರೆಂಟನ್ನೇ ಎಳೆಯಲ್ಲ. ವೈರಿನೊಳಗಿನ ತಂತಿಯೆಲ್ಲಾ ಕೊಳೆತು ಒಂದೇ ಒಂದು ಎಳೆ ಉಳಿದಿದ್ದರೂ 12 ವೋಲ್ಟ್ ಅಂತ ತೋರಿಸತ್ತೆ. ಬಲ್ಬು ಹಾಗಲ್ಲ, ಅದಕ್ಕೆ ಕರೆಂಟು ಬೇಕು, ವೈರು ಸೊರಗಿದ್ದರೆ ಮಂಕಾಗತ್ತೆ. ನನ್ನದು ಜಗಜಗ ಅಂತ ಉರೀತು. (ಮಾವನ ಬಲ್ಬನ್ನ ಸಿಗ್ನಲ್ ವೈರಿಗೆ ಮಾತ್ರ ಹಚ್ಚಬೇಡಿ. ಅಲ್ಲಿ ಕಂಪ್ಯೂಟರ್ ಕೂತಿದೆ, ಬಲ್ಬು ಕೇಳೋ ಅಷ್ಟು ಕರೆಂಟು ಕೊಡೋಕೆ ಅದು ಹುಟ್ಟಿದ್ದಲ್ಲ. ಇದನ್ನ ಮಾವನಿಗೂ ಹೇಳಿದೆ, "ಗೊತ್ತು ಕಣೋ, ನಿನಗಿಂತ ಮೊದಲು ಒಂದು ಸುಟ್ಟಿದ್ದೀನಿ" ಅಂದ್ರು.)

ಆಮೇಲೆ ಮೂರನೇ ಪಿನ್. ಇಲ್ಲಿ 5 ವೋಲ್ಟ್ ಆಸುಪಾಸು ಇರಬೇಕು. ಮೀಟರ್ ತೋರಿಸಿದ್ದು 0.02.

ಒಂದು ನಿಮಿಷ ಹಾಗೇ ನಿಂತೆ. ಸೆನ್ಸರ್ ಪ್ಲಗ್ಗಿನಿಂದ ಬಿಚ್ಚಿಹೋಗಿದೆ. ವೈರಿಗೂ ಅದಕ್ಕೂ ಈಗ ಯಾವ ಸಂಬಂಧವೂ ಇಲ್ಲ. ಆದರೂ ಹಗ್ಗಾನ ಯಾರೋ ಜಗ್ಗಿ ಹಿಡ್ಕೊಂಡಿದ್ದಾರೆ, ಇಲ್ಲಾ ಹಗ್ಗಾನೇ ನಡುವೆ ಕಡಿದುಹೋಗಿದೆ. ಎರಡರಲ್ಲಿ ಯಾವುದೇ ಆಗಲಿ, ಸೆನ್ಸರ್ ನಿರಪರಾಧಿ! ಹೊಸದೂ ಅಷ್ಟೇ, ಬಿಚ್ಚಿ ಪಕ್ಕಕ್ಕೆ ಬಿಸಾಕಿದ ಹಳೇದೂ ಅಷ್ಟೇ. ಇದನ್ನ ತಿಳ್ಕೊಳ್ಳೋಕೆ ಹಿಡಿದ ಸಮಯ ಹತ್ತು ನಿಮಿಷ. ಖರ್ಚು, 20 ಡಾಲರಿನ ಮೀಟರು. ನಾನು ಅದಕ್ಕೆ ಮೊದಲೇ ಕಳ್ಕೊಂಡಿದ್ದು 157.

ಕಡಿದಿದ್ಯೋ ಇಲ್ಲಾ ಅರ್ತಿಗೆ ತಾಗಿದ್ಯೋ ಅಂತ ಬೇರೆ ಮಾಡೋದು ಸುಲಭ. ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಕಳಚಿ, ಸಿಗ್ನಲ್ ವೈರಿಗೂ ಬಾಡಿಯ ಲೋಹಕ್ಕೂ ನಡುವೆ ರೆಸಿಸ್ಟೆನ್ಸ್ ಅಳೆದೆ. ಒಂದು ಓಮ್‌ಗಿಂತ ಕಡಿಮೆ ಬಂತು. ಕಡಿದಿಲ್ಲ, ತಾಗಿದೆ. ಇನ್ನು ಎಲ್ಲಿ ಅಂತ. ಸಾಲುಗಳನ್ನ ಅರ್ಧ ಅರ್ಧ ಮಾಡಿ ಬಗ್ ಹುಡುಕ್ತೀವಲ್ಲ, ಹಾಗೇ ಇಲ್ಲೂ ಒಂದೊಂದೇ ಕವಲನ್ನ ಬಿಚ್ಚುತ್ತಾ ಹೋಗೋದು. ಕ್ರೂಸ್ ಕಂಟ್ರೋಲಿನ ಡಬ್ಬಿ ಬಿಚ್ಚಿದೆ, ಬದಲಾಗಲಿಲ್ಲ. ಮೀಟರ್ ಬೋರ್ಡ್ ಹೊರಗೆಳೆದು ಅದರ ಪ್ಲಗ್ ತೆಗೆದೆ, ಬದಲಾಗಲಿಲ್ಲ. (ಅದನ್ನ ತೆಗೆಯೋಕೆ ಒಂದೂವರೆ ಗಂಟೆ, ಎರಡು ಕ್ಲಿಪ್ ಮುರೀತು, ಬಾಯಲ್ಲಿ ಬಂದ ಮಾತುಗಳನ್ನ ಇಲ್ಲಿ ಬರೆಯೋ ಹಾಗಿಲ್ಲ.) ಕಂಪ್ಯೂಟರಿನ ಪ್ಲಗ್ಗೂ ತೆಗೆದೆ. ಆಗಲೂ ಅದೇ ಒಂದು ಓಮ್. ಈಗ ನಕ್ಷೆಯಲ್ಲಿರೋ ಎಲ್ಲರೂ ಹಗ್ಗ ಬಿಟ್ಟು ದೂರ ನಿಂತಿದ್ದಾರೆ, ಆದರೂ ಹಗ್ಗ ಜಗ್ಗಿಕೊಂಡೇ ಇದೆ!

ಅಂದಮೇಲೆ ನಕ್ಷೆಯಲ್ಲಿ ಇಲ್ಲದ ಒಬ್ಬ ಇರಲೇಬೇಕು.

ಭಾನುವಾರ ಮಧ್ಯಾಹ್ನ ರೇಡಿಯೋ ಹೊರಗೆ ಎಳೆದೆ. ಮೀಟರನ್ನ ಸೀಟಿನ ಮೇಲೆ ಬೀಪ್ ಅನ್ನೋ ಹಾಗೆ ಇಟ್ಟಿದ್ದೆ, ವೈರು ತಾಗಿರೋ ತನಕ ಕೂಗ್ತಾ ಇರತ್ತೆ. ರೇಡಿಯೋ ಹಿಂದಿನ ವೈರುಗಳ ಗೊಂಚಲನ್ನ ಕೈಯಲ್ಲಿ ಹಿಡಿದು ಸ್ವಲ್ಪ ಜಗ್ಗಿದ್ದೇ ತಡ, ಕೂಗು ನಿಂತುಹೋಯ್ತು. ಬಿಟ್ಟರೆ ಮತ್ತೆ ಕೂಗು. ಟಾರ್ಚ್ ಬಿಟ್ಟು ನೋಡಿದ್ರೆ, ಒಂದು ಗುಲಾಬಿ ಬಣ್ಣದ ವೈರು. ಅರ್ಧಕ್ಕೆ ಕತ್ತರಿಸಿದ್ದು, ತುದಿಯಲ್ಲಿ ತಾಮ್ರ ಹಲ್ಲು ಕಿಸಿದಿದೆ, ರೇಡಿಯೋ ಕೂರೋ ಕಬ್ಬಿಣದ ಚೌಕಟ್ಟಿಗೆ ಒರಗಿಕೊಂಡಿದೆ. ಅದರ ಇನ್ನೊಂದು ತುದಿ ನಮ್ಮ ಸಿಗ್ನಲ್ ವೈರಿಗೆ, ಸಿಪ್ಪೆ ಸುಲಿಯದೇ ಚುಚ್ಚಿ ಹಿಡ್ಕೊಳ್ಳೋ ಒಂದು ಅಗ್ಗದ ಕ್ಲಿಪ್ಪಿನಲ್ಲಿ ಕಚ್ಚಿಕೊಂಡಿದೆ. ಹಿಂದಿನ ಯಾವುದೋ ಓನರ್ ಡ್ಯಾಶ್‌ಬೋರ್ಡಿಗೆ ನ್ಯಾವಿಗೇಷನ್ ಹಾಕಿಸಿದ್ದಾನೆ. ಸುರಂಗದಲ್ಲಿ ಸ್ಯಾಟಲೈಟ್ ಸಿಗದಿದ್ದಾಗಲೂ ದಾರಿ ತಪ್ಪದೇ ಇರಲಿ ಅಂತ ಆ ಕಾಲದ ನ್ಯಾವಿಗೇಷನ್‌ಗಳು ಕಾರಿನ ಸ್ಪೀಡ್ ಸಿಗ್ನಲನ್ನೂ ತಗೊಳ್ತಿದ್ವು. ಆಮೇಲೆ ಮಾರೋವಾಗ ಅದನ್ನ ಕಿತ್ತುಕೊಂಡು, ವೈರನ್ನ ಕಚಕ್ ಅಂತ ಕತ್ತರಿಸಿ ಒಳಗೆ ತುರುಕಿಬಿಟ್ಟಿದ್ದಾನೆ. ಒಂದು ಇಂಚು ಟೇಪ್ ಸುತ್ತಿಲ್ಲ ಪುಣ್ಯಾತ್ಮ. ಅದು ಅಷ್ಟು ವರ್ಷ ಅಲ್ಲಾಡಿ ಅಲ್ಲಾಡಿ ಕೊನೆಗೆ ಕಬ್ಬಿಣಕ್ಕೆ ಬಂದು ತಗುಲಿದೆ. ರಸ್ತೆ ಕುಲುಕಿದಂತೆ ಒಮ್ಮೆ ತಾಗತ್ತೆ, ಒಮ್ಮೆ ಬಿಡತ್ತೆ. ಹೊಸ ಸೆನ್ಸರ್ ಹಾಕಿದ ಮೂರು ದಿನ ಎಲ್ಲಾ ಸರಿಯಿದ್ದಿದ್ದು ಬರೀ ಕಾಕತಾಳೀಯ!

ಗುಲಾಬಿ ವೈರು ಕಿತ್ತುಹಾಕಿ, ಕ್ಲಿಪ್ ಕಚ್ಚಿದ ಗಾಯಕ್ಕೆ ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಕೊಳವೆ ಎಳೆದೆ. ಬಿಚ್ಚಿದ್ದನ್ನೆಲ್ಲಾ ಸೇರಿಸಿ ಕೀ ಆನ್ ಮಾಡಿ ಅಳೆದರೆ 4.9 ವೋಲ್ಟ್. ಆದ್ರೆ ಒಂದು ಸಲ ಮೋಸಹೋದವನು ನಾನು, ಅಷ್ಟಕ್ಕೇ ನಂಬಲಿಲ್ಲ. ಹಿಂದಿನ ಚಕ್ರಗಳಿಗೆ ಅಡ್ಡ ಇಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಎಡ ಚಕ್ರವನ್ನ ಮಾತ್ರ ಜಾಕ್ ಮೇಲೆತ್ತಿ ಸ್ಟ್ಯಾಂಡ್ ಕೊಟ್ಟು, ಗೇರ್ ನ್ಯೂಟ್ರಲ್‌ಗೆ ಹಾಕಿ, ಆ ಚಕ್ರವನ್ನ ಕೈಯಲ್ಲೇ ನಿಧಾನಕ್ಕೆ ತಿರುಗಿಸಿದೆ. ಸಿಗ್ನಲ್ ವೈರಿನಲ್ಲಿ 4.9, ಸೊನ್ನೆ, 4.9, ಸೊನ್ನೆ... ಇದು ಮಾತ್ರ ಪುರಾವೆ. ಆಮೇಲೆ ಹಳೇ ಸೆನ್ಸರನ್ನ ವಾಪಸ್ ಹಾಕಿ ಅದನ್ನೇ ಮಾಡಿದೆ. ಅದೂ ಅಷ್ಟೇ ಚೆನ್ನಾಗಿ ಮಿಡೀತು. ಒಳ್ಳೇ ಸೆನ್ಸರಿಗೆ ಸುಮ್ಮನೆ ಕಳಂಕ ಹಚ್ಚಿದ್ದೆ.

ಇಷ್ಟೆಲ್ಲಾ ಕಥೆ ಯಾಕೆ ಹೇಳಿದೆ ಅಂದ್ರೆ, 'ಎಲ್ಲರೂ ಮೀಟರ್ ತಗೊಂಡು ಕಾರಿನ ಕೆಳಗೆ ನುಗ್ಗಿ' ಅಂತ ಹೇಳೋಕಲ್ಲ. ಅದು ಎಲ್ಲರ ಕೈಲಾಗಲ್ಲ, ಎಲ್ಲರಿಗೂ ವಾರಾಂತ್ಯ ಬಿಡುವೂ ಇರಲ್ಲ. ನನ್ನ ವಾದ ಇಷ್ಟೇ, ಆ 130 ಡಾಲರ್ ದುಬಾರಿ ಆಗಿರಲಿಲ್ಲ. ಹುಡುಕೋದೇ ಅಲ್ಲಿನ ಕೆಲಸ, ವೈರಿಗೆ ಟೇಪು ಸುತ್ತೋದು ಮಕ್ಕಳೂ ಮಾಡ್ತಾರೆ. ನಾವು ಹುಡುಕೋ ಕೆಲಸಕ್ಕೆ ದುಡ್ಡು ಕೊಡಲ್ಲ ಅಂತ ಹಟ ಹಿಡಿದ್ರೆ ಗ್ಯಾರೇಜಿನವರು ತಾನೆ ಏನು ಮಾಡಬೇಕು? ಬಿಡಿಭಾಗ ಬದಲಾಯಿಸಿ ಅದರಲ್ಲೇ ದುಡ್ಡು ನೋಡ್ಕೋಬೇಕು. ಒಂದಾದಮೇಲೊಂದು ಪಾರ್ಟು ಹಾಕ್ತಾ ಹೋಗೋ ಮೆಕ್ಯಾನಿಕ್ಕನ್ನ ಸೃಷ್ಟಿ ಮಾಡಿದವರು ನಾವೇ, ಅರ್ಧಕ್ಕರ್ಧ.

ಇನ್ನರ್ಧ? ಫೀ ತಗೊಂಡೂ ಡಬ್ಬಿ ಸಿಗಿಸಿ ಕೋಡ್ ಓದಿ 'ಡಯಾಗ್ನೋಸಿಸ್ ಆಯ್ತು' ಅನ್ನೋರು ಇದ್ದೇ ಇದ್ದಾರೆ, ಇಲ್ಲ ಅಂತ ನಾನು ಹೇಳಲ್ಲ. ಕಂಡುಹಿಡಿಯೋದು ಕಷ್ಟ ಏನಲ್ಲ. ಒಂದೇ ಪ್ರಶ್ನೆ ಕೇಳಿ, "ಯಾವ ವೈರಿನಲ್ಲಿ ಎಷ್ಟು ವೋಲ್ಟ್ ಇತ್ತು, ಎಷ್ಟು ಇರಬೇಕಿತ್ತು?" ನಿಜವಾಗಿ ಅಳೆದವರು ಖುಷಿಯಿಂದ ಹೇಳ್ತಾರೆ, ಬೇಡ ಅಂದ್ರೂ ಬಿಡಲ್ಲ. ಅಳೆಯದವರು ಕೋಡನ್ನೇ ಇನ್ನೊಂದು ಸಲ ಓದ್ತಾರೆ.

ಊರಲ್ಲಿರೋರಿಗೂ ಈ ಮಾತು ಈಗ ಅನ್ವಯಿಸತ್ತೆ. ಅಮೆರಿಕದಲ್ಲಿ 1996ರಿಂದ ಎಲ್ಲಾ ಹೊಸ ಕಾರುಗಳಲ್ಲೂ ಈ ಓಬಿಡಿ-2 ಸಾಕೆಟ್ ಕಡ್ಡಾಯ, ಭಾರತದಲ್ಲಿ 2013ರಿಂದ. ಬ್ಲೂಟೂತ್ ಡಬ್ಬಿ ಕೆಲವೇ ನೂರು ರೂಪಾಯಿಗೆ ಸಿಗತ್ತೆ, ಫೋನಿನಲ್ಲೇ ಕೋಡ್ ಬರತ್ತೆ. ನಾನು ಆ ಡಬ್ಬಿಯ ವಿರೋಧಿ ಅಲ್ಲ, ಕೋಡಿನ ಜೊತೆ ಅದು ಲೈವ್ ಡೇಟಾನೂ ತೋರಿಸತ್ತೆ, ಅದು ಬಂಗಾರ. (ಆ ಪ್ರೋಟೋಕಾಲಿನಲ್ಲಿ ಕಾರಿನ ಸ್ಪೀಡು ಅಂದ್ರೆ ಒಂದೇ ಒಂದು ಬೈಟ್, 0ಯಿಂದ 255, ಅದೂ ಕಿಲೋಮೀಟರ್ ಲೆಕ್ಕದಲ್ಲಿ. ಮೈಲಿ ಬಿಟ್ಟು ಬೇರೇನೂ ಒಪ್ಪದ ಅಮೆರಿಕದ ಕಾರಿನ ಹೊಟ್ಟೆಯೊಳಗೂ ಕಿಲೋಮೀಟರೇ! ಇದು ಗೊತ್ತಾದ ದಿನ ಒಬ್ಬನೇ ನಕ್ಕಿದ್ದೆ.) ಹೊಸ ಕಾರುಗಳಲ್ಲಿ ನನ್ನ ಕಾರಿನ ಹಾಗೆ ಗೇರ್‌ಬಾಕ್ಸ್ ಮೇಲೆ ಇದಕ್ಕಂತಲೇ ಸೆನ್ಸರ್ ಇಲ್ಲದೇ ಇರಬಹುದು. ಚಕ್ರಗಳ ಎಬಿಎಸ್ ಸೆನ್ಸರುಗಳಿಂದ ಸ್ಪೀಡು ಲೆಕ್ಕ ಹಾಕಿ, ಒಂದು ಕಂಪ್ಯೂಟರ್ ಇನ್ನೊಂದಕ್ಕೆ ನೆಟ್‌ವರ್ಕ್ ಮೂಲಕ ಹೇಳತ್ತೆ. ಅಂಥ ಕಾರಿಗೆ ಅದೇ ಪಿ0500 ಬಂದ್ರೆ 'ಸ್ಪೀಡ್ ಸೆನ್ಸರ್ ಕೊಡಿ' ಅಂತ ಅಂಗಡಿಗೆ ಹೋದವನ ಗತಿ ನನಗಿಂತ ಕಷ್ಟ.

ಕೋಡ್ ಅಳಿಸಿ ಹಾಗೇ ಇನ್ಸ್‌ಪೆಕ್ಷನ್‌ಗೆ ಹೋಗು ಅಂತ ಒಬ್ಬ ಗೆಳೆಯ ಐಡಿಯಾ ಕೊಟ್ಟಿದ್ದ. ಅದೂ ನಡೆಯಲ್ಲ. ಕೋಡ್ ಅಳಿಸಿದಾಗ ಕಾರಿನ ಸ್ವಯಂ ಪರೀಕ್ಷೆಗಳ ಫಲಿತಾಂಶವೂ ಅಳಿಸಿಹೋಗತ್ತೆ. 2001 ಮತ್ತು ಆಮೇಲಿನ ಪೆಟ್ರೋಲ್ ಕಾರುಗಳಲ್ಲಿ ಅಂಥ ಒಂದು ಪರೀಕ್ಷೆ ಬಾಕಿ ಇದ್ದರೆ ಬಿಡ್ತಾರೆ, ಅದಕ್ಕಿಂತ ಹೆಚ್ಚಿದ್ದರೆ ವಾಪಸ್ ಕಳಿಸ್ತಾರೆ. ಆ ಪರೀಕ್ಷೆಗಳಲ್ಲಿ ಕೆಲವು ನಡೆಯಬೇಕಾದ್ರೆ ಗಾಡಿ ಎಷ್ಟು ಸ್ಪೀಡಿನಲ್ಲಿದೆ ಅಂತ ಕಂಪ್ಯೂಟರಿಗೆ ಗೊತ್ತಿರಬೇಕು. ತಿರುಗಿ ಬಂದು ಅದೇ ವೈರಿನ ಬುಡಕ್ಕೇ.

ಒಂದು ವಾರ ಓಡಿಸಿ, ಎಲ್ಲಾ ಪರೀಕ್ಷೆಗಳೂ ಮುಗಿದಿವೆ ಅಂತ ನೋಡ್ಕೊಂಡು, 27ನೇ ತಾರೀಖು ಇನ್ಸ್‌ಪೆಕ್ಷನ್‌ಗೆ ಹೋದೆ. ಪಾಸ್. ಬರ್ತಾ ದಾರಿಯಲ್ಲಿ ಆ ಗ್ಯಾರೇಜಿಗೆ ಹೋಗಿ ಹಿರಿಯ ಮೆಕ್ಯಾನಿಕ್ಕಿಗೆ ಗುಲಾಬಿ ವೈರಿನ ತುಂಡನ್ನ ತೋರಿಸಿದೆ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ "ರೇಡಿಯೋ ಹಿಂದೆ ಇತ್ತಾ?" ಅಂದ್ರು. ನಾನು ಇನ್ನೂ ಎಲ್ಲಿತ್ತು ಅಂತ ಹೇಳಿರಲೇ ಇಲ್ಲ. ಮುಂದಿನ ಮಂಗಳವಾರ ಗಾಡಿಯನ್ನ ಅವರ ಹತ್ರಾನೇ ಬಿಡ್ತಿದ್ದೀನಿ. ಮುಂದಿನ ಬಲ ಚಕ್ರದಲ್ಲಿ ಏನೋ ಕಿರ್ ಅಂತಿದೆ, ಏನು ಅಂತ ನನಗೆ ಗೊತ್ತಿಲ್ಲ, ಪಾರ್ಟೂ ತಗೊಂಡು ಹೋಗ್ತಿಲ್ಲ.